ಎರಡು ವರ್ಷದ ಸಾಹೇಬರು

ಅವರು ಬಜೆಟ್ ದಿನ ತೀರಿಕೊಳ್ಳಲಿಲ್ಲ. ತೀರಿಕೊಂಡಿದ್ದರೆ ನಮ್ಮ ಹಳೆಯ ಕಚೇರಿಯವರಿಗೆಲ್ಲ ಹೇಳಿಕೊಂಡು ತಿರುಗಲು ಒಂದು ಕಥೆಯಾದರೂ ಸಿಗುತ್ತಿತ್ತು. ಹೋದದ್ದು ಆಗಸ್ಟಿನ ಒಂದು ಸಾಧಾರಣ ಮಧ್ಯಾಹ್ನ. ಊಟ ಮುಗಿಸಿ ಕುರ್ಚಿಗೆ ಒರಗಿದವರು ಏಳಲಿಲ್ಲವಂತೆ. ಕಚೇರಿಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ಯಾರೋ ‘ಪಾಪ, ನಮ್ಮ ಎರಡು ವರ್ಷದ ಸಾಹೇಬರು’ ಎಂದು ಬರೆದಿದ್ದರು. ಹೆಸರು ಯಾರೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ನಮ್ಮದು ಮಡಿಕೇರಿಯಲ್ಲಿ ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆಗಳ ಕೆಲಸ ಮಾಡಿಸುವ ಕಚೇರಿ. ನಾನು ಅಲ್ಲಿ ಟೈಪಿಸ್ಟ್ ಆಗಿ ಸೇರಿ, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದ ಮೇಲೂ ಟೈಪಿಸ್ಟ್ ಆಗಿಯೇ ಉಳಿದವಳು. ಅವರು ಎಂಜಿನಿಯರ್. ವರ್ಗವಾಗಿ ಬಂದವರು ನಿವೃತ್ತಿಯವರೆಗೂ ಅಲ್ಲೇ ಇದ್ದರು. ಅವರನ್ನು ತಮ್ಮ ಕಡೆ ಹಾಕಿಸಿಕೊಳ್ಳಲು ಯಾರಿಗೂ ಆಸೆ ಇರಲಿಲ್ಲ, ಅವರಿಗೂ ಯಾರದಾದರೂ ಬಾಗಿಲು ಕಾಯುವ ಚಾಳಿ ಇರಲಿಲ್ಲ. ಶನಿವಾರಸಂತೆ ಕಡೆಯವರು. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ ಇದ್ದ ಮನೆ. ಹಣೆಯಲ್ಲಿ ತೆಳ್ಳಗೆ ವಿಭೂತಿ, ಮೈಮೇಲೆ ಹೆಂಡತಿ ಹೆಣೆದ ಕಂದು ಸ್ವೆಟರ್, ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಕೊಡೆ. ಕ್ಯಾಂಟೀನಿನ ಕಾಫಿಯನ್ನು ಚಿಕೋರಿ ಕಷಾಯ ಎಂದು ಬೈದು ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಅದರಲ್ಲಿ ನನಗೂ ಅರ್ಧ ಲೋಟದ ಪಾಲಿತ್ತು.

ಅವರಿಗೆ ಇದ್ದದ್ದು ಒಂದೇ ಹುಚ್ಚು. ದೇಶದ ಬಜೆಟ್ಟನ್ನು ವರ್ಷಕ್ಕೊಮ್ಮೆ ಮಾಡುವುದನ್ನು ನಿಲ್ಲಿಸಬೇಕು, ಎರಡು ವರ್ಷಕ್ಕೊಮ್ಮೆ ಮಾಡಬೇಕು. ಇದನ್ನು ಅವರು ಕಚೇರಿಗೆ ಬಂದ ಗುತ್ತಿಗೆದಾರರಿಗೆ ಹೇಳುತ್ತಿದ್ದರು, ಮೋರಿ ಕಟ್ಟಿಕೊಂಡಿದೆ ಎಂದು ದೂರು ತಂದವರಿಗೆ ಹೇಳುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರಿಗೆ ಹೇಳುತ್ತಿದ್ದರು. ಹೇಳುವ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುವುದು ಅವರ ಅಭ್ಯಾಸ. ಗಡಿಯಾರ ಮೇಜಿಗೆ ಬಂತೆಂದರೆ ನಮ್ಮ ಗುಮಾಸ್ತರು ಒಬ್ಬೊಬ್ಬರಾಗಿ ಟೀಗೆ ಎದ್ದುಬಿಡುತ್ತಿದ್ದರು. ಕಂಪ್ಯೂಟರ್ ಬಿಟ್ಟು ಏಳಲಾಗದ ನಾನು ಸಿಕ್ಕಿಬೀಳುತ್ತಿದ್ದೆ.

“ನೋಡಮ್ಮ, ದಿಲ್ಲಿನಲ್ಲಿ ಕೂತ್ಕಂಡು ಏಪ್ರಿಲ್ಲಿಂದ ಮಾರ್ಚು ಅಂತ ವರ್ಷ ಮಾಡವ್ರೆ. ಆ ದುಡ್ಡು ಬೆಂಗಳೂರಿಗೆ ಬಂದು, ಅಲ್ಲಿ ಒಂದು ನಿದ್ದೆ ಮಾಡಿ, ನಮ್ಮತ್ರ ಬರೋ ಹೊತ್ಗೆ ಆಗಸ್ಟು. ಹೊರಗೆ ನೋಡು.” ನಾನು ಕಿಟಕಿಯ ಹೊರಗೆ ನೋಡಬೇಕು. ಮಳೆ ಸುರಿಯುತ್ತಿರಬೇಕು. “ಈ ಮಳೆ ಬಿಡೋದು ಅಕ್ಟೋಬರು. ಟೆಂಡರು ಗಿಂಡರು ಮುಗಿಯೋದು ಡಿಸೆಂಬರು. ಆವಾಗ ಆಳು ಕರಿ ನೋಡಣ. ಒಬ್ರು ಬತ್ತಾರಾ? ಎಲ್ಲಾ ಎಸ್ಟೇಟಲ್ಲಿ ಪಿಕಿಂಗಿಗೆ ನಿಂತವ್ರೆ. ಕಾಫಿ ಕುಯ್ದು ಮುಗಿಸಿ ಅವ್ರು ನಮ್ಮ ಕಡೆ ತಿರುಗೋ ಹೊತ್ಗೆ ಮಾರ್ಚು. ಮಾರ್ಚಿಗೆ ದಿಲ್ಲಿಯವ್ರ ವರ್ಷ ಮುಗಿದೋಯ್ತು. ದುಡ್ಡು ವಾಪಸ್. ಮತ್ತೆ ಮೊದ್ಲಿಂದ ಎಸ್ಟಿಮೇಟು.”

ಒಮ್ಮೆ ನಾನೂ ತಡೆಯಲಾರದೆ ಕೇಳಿದೆ. “ಸರ್, ಒಂದು ವರ್ಷದಲ್ಲಿ ಮಾಡದವರು ಎರಡು ವರ್ಷ ಕೊಟ್ಟರೆ ಎರಡೂ ವರ್ಷ ಮಲಗ್ತಾರಷ್ಟೆ. ವರ್ಷಕ್ಕೊಂದು ಸಲವಾದರೂ ಎದ್ದು ನಿಂತು ಲೆಕ್ಕ ಹೇಳಲಿ ಬಿಡಿ.”

ಅವರಿಗೆ ಬಹಳ ಸಂತೋಷವಾಯಿತು. ಎದುರು ಮಾತಾಡುವವರು ಸಿಗುವುದೇ ಅಪರೂಪ. “ಒಳ್ಳೆ ಪ್ರಶ್ನೆ ಕೇಳ್ದೆ. ಮಧ್ಯದಲ್ಲಿ ಕೂತು ಕೇಳ್ಲಿ, ಏನ್ ಮಾಡಿದ್ರಿ ಅಂತ ಮುಖದ ನೀರಿಳಿಸ್ಲಿ, ನಾನ್ ಬ್ಯಾಡ ಅನ್ನಲ್ಲ. ಆದ್ರೆ ಅರ್ಧ ಎದ್ದಿರೋ ಗೋಡೆಗೆ ದುಡ್ಡು ಕಿತ್ಕಬ್ಯಾಡಿ ಅಂತೀನಿ. ನಮ್ಮನೆ ಅರೇಬಿಕ ಗಿಡ ನೋಡಿದೀಯಲ್ಲ? ಒಂದು ವರ್ಷ ರೆಂಬೆ ಮುರಿಯಂಗೆ ಬಿಡ್ತದೆ, ಇನ್ನೊಂದು ವರ್ಷ ಸುಮ್ಕಿರ್ತದೆ. ಸುಮ್ಕಿರೋ ವರ್ಷ ನೀನೇನು ಗಿಡ ಕಿತ್ತಾಕ್ತೀಯಾ? ಎರಡು ವರ್ಷನೂ ಸೇರ್ಸಿ ಲೆಕ್ಕ ಹಾಕಿದ್ರೇ ತೋಟ. ಈ ಕಾಫಿಗೆ ಇರೋ ಬುದ್ಧಿ ದಿಲ್ಲಿಗಿಲ್ವಲ್ಲಮ್ಮ.”

ನನಗೆ ಅದು ಸರಿಯೆನಿಸಿತು. ಸರಿಯೆನಿಸಿದ್ದರಿಂದ ಏನೂ ಆಗಲಿಲ್ಲ. ಮಧ್ಯಾಹ್ನದ ಟಪಾಲು ಬಂತು, ನಾನು ಟೈಪ್ ಮಾಡಿದೆ.

ಮಾರ್ಚ್ ಬಂತೆಂದರೆ ನಮ್ಮ ಕಚೇರಿಗೆ ಜ್ವರ ಹಿಡಿಯುತ್ತಿತ್ತು. ಉಳಿದ ಹಣವನ್ನು ಹೇಗಾದರೂ ಮುಗಿಸಬೇಕು, ಇಲ್ಲದಿದ್ದರೆ ಅದು ಹಿಂದೆ ಹೋಗುತ್ತದೆ, ಮುಂದಿನ ಸಲ ಕಡಿಮೆ ಕೊಡುತ್ತಾರೆ. ಹಾಗೆ ಒಂದು ಮಾರ್ಚಿನಲ್ಲಿ ಬೇರೇನೂ ಕೊಳ್ಳಲು ದಾರಿಯಿಲ್ಲದೆ ಕಚೇರಿಗೆಲ್ಲ ಸೀಲಿಂಗ್ ಫ್ಯಾನ್ ಹಾಕಿಸಿದರು. ಮಡಿಕೇರಿಯಲ್ಲಿ! ಮೇ ತಿಂಗಳಲ್ಲೂ ನಾವು ಶಾಲು ಹೊದ್ದು ಕೂರುತ್ತಿದ್ದ ಕಟ್ಟಡವದು. ಮೇಲಧಿಕಾರಿಗಳು ತಪಾಸಣೆಗೆ ಬಂದ ದಿನ ನಮ್ಮ ಸಾಹೇಬರು ತಲೆಗೆ ಮಫ್ಲರ್ ಸುತ್ತಿ, ಸ್ವೆಟರಿನ ಗುಂಡಿ ಹಾಕಿ, ಫ್ಯಾನನ್ನು ಪೂರ್ತಿ ಜೋರಿಗೆ ತಿರುಗಿಸಿ ಅದರ ಕೆಳಗೆ ಕೂತರು. ಕಾಗದಗಳೆಲ್ಲ ಹಾರಿದವು. ಮೇಲಧಿಕಾರಿಗಳು ಏನೆಂದು ಕೇಳಿದ್ದಕ್ಕೆ, “ಸರ್ಕಾರದ ದುಡ್ಡು, ಉಪಯೋಗಿಸ್ಬೇಕಲ್ಲ ಸರ್” ಎಂದರು. ಅದಾದ ಮೇಲೆ ಅವರಿಗೆ ಒಂದು ವಾರ ನೆಗಡಿ.

ಕೆಲವು ವರ್ಷಗಳ ಹಿಂದೆ ದೆಹಲಿಯವರು ಬಜೆಟ್ ಮಂಡಿಸುವ ದಿನವನ್ನು ಫೆಬ್ರವರಿ ಕೊನೆಯಿಂದ ಮೊದಲಿಗೆ ತಂದರಲ್ಲ, ಆಗ ಗುಮಾಸ್ತರೆಲ್ಲ ಸೇರಿ ಅವರಿಗೆ ಮೈಸೂರು ಪಾಕ್ ತಂದು ಕೊಟ್ಟು, “ಸರ್, ನಿಮ್ಮ ಮಾತು ಕೇಳಿಸ್ತು ನೋಡಿ” ಎಂದು ಚುಡಾಯಿಸಿದರು. ಅವರು ತಿಂದರು. “ಗಡಿಯಾರ ಒಂದು ತಿಂಗಳು ಮುಂದೆ ತಿರುಗ್ಸವ್ರೆ. ಪಿಕಿಂಗ್ ಅಲ್ಲೇ ಅದೆ, ಮಳೆನೂ ಅಲ್ಲೇ ಅದೆ” ಎಂದು ಬಾಯಿ ಒರೆಸಿಕೊಂಡರು.

ಇನ್ನೊಂದು ವರ್ಷ ಮಳೆಗೆ ಗುಡ್ಡಗಳು ಜರಿದ ಮೇಲೆ ದೆಹಲಿಯಿಂದ ಅಧಿಕಾರಿಗಳ ತಂಡವೊಂದು ಬಂತು. ನಮ್ಮ ಸಾಹೇಬರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಹಣ ಯಾಕೆ ಪ್ರತಿವರ್ಷ ಹಿಂದೆ ಬರುತ್ತದೆ ಎಂದು ತಂಡದ ಹೆಣ್ಣುಮಗಳೊಬ್ಬರು ಕಚೇರಿಯ ಅಂಗಳದಲ್ಲಿ ಕೇಳಿದ್ದೇ ತಡ, ಗಡಿಯಾರ ಬಿಚ್ಚಿ ಜೀಪಿನ ಬಾನೆಟ್ ಮೇಲಿಟ್ಟರು. ಆಕೆ ಚೆನ್ನಾಗಿಯೇ ಕೇಳಿಸಿಕೊಂಡರು. ಎರಡು ವರ್ಷದ ಹಣ ಒಟ್ಟಿಗೆ ಕೊಟ್ಟರೆ ಸಂಸತ್ತಿನ ಹಿಡಿತ ತಪ್ಪುವುದಿಲ್ಲವೇ, ನಡುವೆ ಬರಗಾಲವೋ ಯುದ್ಧವೋ ಬಂದರೇನು ಗತಿ ಎಂದೂ ಕೇಳಿದರು. ಇವರು ಉತ್ತರ ಶುರು ಮಾಡುವಷ್ಟರಲ್ಲಿ ಮಂಜು ಇಳಿಯಿತು. ಕತ್ತಲಾಗುವುದರೊಳಗೆ ಮೈಸೂರು ಸೇರಬೇಕೆಂದು ಚಾಲಕ ಹಾರ್ನ್ ಹೊಡೆದ. “ನಿಮ್ಮ ವಿಚಾರ ಒಳ್ಳೆಯದಿದೆ” ಎಂದು ಆಕೆ ಕಾರು ಹತ್ತಿದರು. ಇವರು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಬಾನೆಟ್ ಮೇಲಿನ ಗಡಿಯಾರವನ್ನು ನಾನೇ ತೆಗೆದು ಕೊಟ್ಟೆ.

ಇಷ್ಟೇ ಆಗಿದ್ದರೆ ಅವರೊಬ್ಬ ತಮಾಷೆಯ ಮನುಷ್ಯ ಎಂದು ನಾನು ಮರೆತುಬಿಡುತ್ತಿದ್ದೆ. ಮರೆಯಲಾಗದಂತೆ ಮಾಡಿದ್ದು ಕರಿಕೆ ಕಡೆಯ ಒಂದು ಹೊಳೆ.

ಆ ಹೊಳೆಯಾಚೆ ಕೆಲವು ಮನೆಗಳು. ಶಾಲೆ, ಅಂಗಡಿ, ಬಸ್ಸು ಎಲ್ಲ ಈಚೆ. ಅಲ್ಲಿನವರು ಬೇಸಿಗೆಯಲ್ಲಿ ಅಡಿಕೆ ಮರದ ದಿಮ್ಮಿಗಳನ್ನು ಬಳ್ಳಿಯಲ್ಲಿ ಕಟ್ಟಿ ಒಂದು ಪಾಲ ಮಾಡಿಕೊಳ್ಳುತ್ತಿದ್ದರು. ಪಾಲ ಎಂದರೆ ಅವರ ಮಾತಿನಲ್ಲಿ ಸೇತುವೆ. ಜೂನಿನ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮಳೆಗಾಲ ಮುಗಿಯುವವರೆಗೆ ಮಕ್ಕಳಿಗೆ ಶಾಲೆ ಇಲ್ಲ. ಅಲ್ಲಿಂದ ದೇವಕಿ ಎಂಬ ಹೆಂಗಸು ಪ್ರತಿ ಮಳೆಗಾಲ ಮುಗಿದ ಕೂಡಲೇ ನಮ್ಮ ಕಚೇರಿಗೆ ಬರುತ್ತಿದ್ದಳು, ಒಂದು ಪೊಟ್ಟಣ ಕರಿಮೆಣಸು ಹಿಡಿದುಕೊಂಡು. ದೊಡ್ಡ ಮಗಳು ಹೀಗೇ ಮಳೆಗೆ ಶಾಲೆ ತಪ್ಪಿಸಿ ತಪ್ಪಿಸಿ ನಾಲ್ಕನೆಯ ತರಗತಿಗೆ ಬಿಟ್ಟಿದ್ದಳು. ಚಿಕ್ಕವಳು ಆಗಷ್ಟೇ ಶಾಲೆಗೆ ಸೇರಿದ್ದಳು. ಚಿಕ್ಕವಳಾದರೂ ಓದಬೇಕು ಎನ್ನುವುದೊಂದೇ ಅವಳ ಮಾತು.

ಇಂಥವರು ಬಂದರೆ ‘ಮುಂದಿನ ವರ್ಷ ನೋಡೋಣ’ ಎಂದು ಸಾಗಹಾಕುವುದು ಯಾವ ಕಚೇರಿಗೂ ಹೊಸದಲ್ಲ. ನಮ್ಮ ಸಾಹೇಬರು ತಮ್ಮ ವಿಭಾಗದಲ್ಲಿ ಆ ಮಾತನ್ನೇ ನಿಷೇಧಿಸಿದ್ದರು. “ಆಗಲ್ಲ ಅನ್ನಿ, ಇಲ್ಲ ಯಾಕಾಗಲ್ಲ ಅಂತ ಹೇಳಿ. ಮುಂದಿನ ವರ್ಷ ಅಂತ ಮಾತ್ರ ಯಾರಿಗೂ ಹೇಳ್ಬ್ಯಾಡಿ” ಎನ್ನುತ್ತಿದ್ದರು. ಹಾಗಾಗಿ ದೇವಕಿಯನ್ನು ಕೂರಿಸಿ, ಫ್ಲಾಸ್ಕಿನ ಕಾಫಿ ಕೊಟ್ಟು, ಗಡಿಯಾರ ಬಿಚ್ಚಿಟ್ಟು, ಏಪ್ರಿಲ್ಲಿಂದ ಮಾರ್ಚಿನವರೆಗೆ ಎಲ್ಲ ವಿವರಿಸಿದರು. ಅವಳು ಪೂರ್ತಿ ಕೇಳಿ, “ನಿಮ್ಮ ವರ್ಷ ಮಾರ್ಚಿಗೆ ಮುಗಿಯುದಾ ಸಾರ್? ನಮ್ಮದು ಮಳೆ ಬಂದ್ರೆ ಮುಗಿಯುದು” ಎಂದಳು. ಇದನ್ನು ಅವರು ಆಮೇಲೆ ಎಷ್ಟು ಜನರಿಗೆ ಹೇಳಿದರೋ.

ಎರಡು ಸಲ ಆ ಸೇತುವೆಗೆ ಹಣ ಬಂತು. ಎರಡು ಸಲವೂ ಅವರು ಹೇಳಿದಂತೆಯೇ ಆಯಿತು. ಮಾರ್ಚ್ ಬಂತು, ಹೊಳೆಯಲ್ಲಿ ಪಾಯದ ಗುಂಡಿ ಮಾತ್ರ ಇತ್ತು. ಇಂಥ ಕಡೆ ಬೇರೆಯವರು ಏನು ಮಾಡುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕೆಲಸ ಪೂರ್ಣಗೊಂಡಿದೆ ಎಂದು ಬರೆದು ರುಜು ಹಾಕಿ, ಹಣವನ್ನು ಗುತ್ತಿಗೆದಾರನ ಕೈಗೆ ಕೊಟ್ಟು, ಕೆಲಸವನ್ನು ಮುಂದಿನ ಬೇಸಿಗೆಯಲ್ಲಿ ನಿಧಾನವಾಗಿ ಮಾಡಿಸಿಕೊಳ್ಳುತ್ತಿದ್ದರು. ಕೊಡಗಿನ ಎಷ್ಟೋ ಮೋರಿಗಳು ಹೀಗೇ ಮೊದಲು ಕಾಗದದಲ್ಲಿ ಹುಟ್ಟಿ ಆಮೇಲೆ ನೆಲಕ್ಕೆ ಇಳಿದಿವೆ. ಅದಕ್ಕೆ ಕಚೇರಿಯಲ್ಲಿ ‘ಮಾರ್ಚ್ ಮಾಡುವುದು’ ಎನ್ನುತ್ತಿದ್ದರು. ನಮ್ಮ ಸಾಹೇಬರು ಮಾರ್ಚ್ ಮಾಡುತ್ತಿರಲಿಲ್ಲ.

ಗುತ್ತಿಗೆದಾರ ನೆಲ್ಯಹುದಿಕೇರಿಯ ಹಿರಿಯರೊಬ್ಬರು, ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಒಳ್ಳೆಯ ಕೆಲಸಗಾರ. “ಸಾರೇ, ಒಂದು ಸೈನ್ ಹಾಕಿ. ಈ ಮಳೆ ಹೋಗ್ಲಿ, ಮುಂದಿನ ಬೇಸಿಗೆಯೊಳಗೆ ನಾನು ಪಾಲ ನಿಲ್ಲಿಸಿ ಕೊಡ್ತೇನೆ. ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಕೇಳಿದರು.

“ನಿಮ್ಮ ಮೇಲೆ ಅದೆ ಕಾಕ. ಇಲ್ಲದ ಸೇತುವೆನ ಇದೆ ಅಂತ ಹೆಂಗೆ ಬರೀಲಿ?” ಎಂದು ಇವರು ಹಣವನ್ನು ಹಿಂದೆ ಕಳಿಸಿದರು. ಎರಡನೆಯ ಸಲ ಹಾಗೆ ಕಳಿಸಿದಾಗ ನನಗೇ ಸಿಟ್ಟು ಬಂದಿತ್ತು. ಆ ವರ್ಷ ದೇವಕಿ ಮೆಣಸು ತರಲಿಲ್ಲ. ಕೂರಲೂ ಇಲ್ಲ. ಬಾಗಿಲಲ್ಲೇ ನಿಂತು, “ನೀವು ಸುಳ್ಳು ಬರೆಯುದಿಲ್ಲ ಅಂತ ಎಲ್ಲ ಹೇಳ್ತಾರೆ ಸಾರ್. ಒಳ್ಳೆದು. ನಿಮ್ಮ ಸತ್ಯದ ಮೇಲೆ ನನ್ನ ಮಗು ಹೊಳೆ ದಾಟ್ಲಿಕ್ಕೆ ಆಗ್ತದಾ?” ಎಂದು ಕೇಳಿ ಹೊರಟುಹೋದಳು. ಅವರು ಆ ದಿನ ಫ್ಲಾಸ್ಕ್ ತೆರೆಯಲೇ ಇಲ್ಲ.

ಮೂರನೆಯ ಸಲ ಹಣ ಬಂದದ್ದು ಅವರ ಕೊನೆಯ ವರ್ಷ. ಮೇ ಕೊನೆಗೆ ನಿವೃತ್ತಿ. ಮತ್ತೆ ಮಾರ್ಚ್ ಬಂತು, ಮತ್ತೆ ಅದೇ ಗುಂಡಿ. ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಎದುರು ಕೂತು ಗಡಿಯಾರ ಬಿಚ್ಚಿಟ್ಟರು. ಭಾಷಣ ಶುರುವಾಗುತ್ತದೆಂದು ನಾನು ಕೀಬೋರ್ಡ್ ಪಕ್ಕಕ್ಕೆ ಸರಿಸಿದೆ. “ಟೈಪ್ ಮಾಡಮ್ಮ” ಎಂದರು. ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ. ನಾನು ಅಂಥದ್ದನ್ನು ಬೇರೆಯವರಿಗಾಗಿ ಎಷ್ಟೋ ಸಲ ಕಣ್ಣುಮುಚ್ಚಿ ಟೈಪ್ ಮಾಡಿದ್ದೆ. ಆ ದಿನ ಮಾತ್ರ ಅಕ್ಷರಗಳು ತಪ್ಪಿದವು. ಅವರು ರುಜು ಹಾಕಿದರು, ಗಡಿಯಾರ ಕಟ್ಟಿಕೊಂಡರು. “ಕಾಫಿ ಅದಾ ನೋಡು” ಎಂದರು. ಫ್ಲಾಸ್ಕ್ ಅವರದ್ದೇ, ಅವರ ಮೇಜಿನ ಮೇಲೆಯೇ ಇತ್ತು.

ಆ ಮಳೆಗಾಲ ಅವರ ಪಾಲಿಗೆ ಏನಾಗಿತ್ತೆಂದು ನನಗೆ ಸ್ವಲ್ಪ ಗೊತ್ತು. ನಿವೃತ್ತರಾಗಿ ಊರಿಗೆ ಹೋಗಿದ್ದರು. ಕಾಗದದಲ್ಲಿ ಸೇತುವೆ ಇತ್ತು, ಹೊಳೆಯಲ್ಲಿ ಇರಲಿಲ್ಲ, ಹಣ ಕಾಕನ ಬಳಿ ಇತ್ತು, ರುಜು ಇವರದ್ದು. ಯಾರಾದರೂ ಒಂದು ಅರ್ಜಿ ಹಾಕಿದರೆ ಪಿಂಚಣಿ ಹೋಗುತ್ತಿತ್ತು, ಮರ್ಯಾದೆ ಅದಕ್ಕಿಂತ ಮೊದಲು ಹೋಗುತ್ತಿತ್ತು. ಮಳೆ ಜೋರಾದಾಗಲೆಲ್ಲ ನನಗೆ ಫೋನ್ ಮಾಡಿ ಸುಮ್ಮನೆ ಹವಾಮಾನ ವಿಚಾರಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಮಳೆಹಾನಿಯ ಸಮೀಕ್ಷೆ ನಡೆಯಿತು. ಸಮೀಕ್ಷೆಯವರು ಕಚೇರಿಯಲ್ಲೇ ಕೂತು ತುಂಬಿ ಕಳಿಸಿದ ವರದಿಯಲ್ಲಿ ನಮ್ಮ ಆ ಇಲ್ಲದ ಸೇತುವೆಯ ಎದುರು ‘ಸುಸ್ಥಿತಿಯಲ್ಲಿದೆ’ ಎಂದಿತ್ತು. ನಗು ತಡೆಯಲಾರದೆ ಅವರಿಗೆ ಫೋನ್ ಮಾಡಿ ಹೇಳಿದೆ. ಅವರು ನಗಲಿಲ್ಲ. “ಅಷ್ಟು ಮಳೇಲೂ ಏನೂ ಆಗಿಲ್ವಂತಾ?” ಎಂದು ಕೇಳಿ ಫೋನ್ ಇಟ್ಟರು.

ಕಾಕ ಮಾತು ಉಳಿಸಿಕೊಂಡರು. ಪಿಕಿಂಗಿನ ನಡುವೆಯೂ ಎಲ್ಲೆಲ್ಲಿಂದಲೋ ಆಳು ಕೂಡಿಸಿ, ಮುಂದಿನ ಮಳೆಗೆ ಮೊದಲು ಕಲ್ಲು, ಕಾಂಕ್ರೀಟು, ಕಬ್ಬಿಣದ ಕೈಕಂಬಿ ಎಲ್ಲ ಇರುವ ಸೇತುವೆ ನಿಲ್ಲಿಸಿದರು. ದೇವಕಿಯ ಮಗಳು ಆ ವರ್ಷ ಜೂನಿನಲ್ಲೂ ಶಾಲೆಗೆ ಹೋದಳು. ಸೇತುವೆಯ ಈಚೆ ತುದಿಯಲ್ಲಿ ಕಲ್ಲು ನೆಡಬೇಕಲ್ಲ, ಅದರಲ್ಲಿ ಕಡತದಲ್ಲಿ ಇದ್ದದ್ದನ್ನೇ ಕೆತ್ತಿಸಿದರು. ಪೂರ್ಣಗೊಂಡದ್ದು ಹಿಂದಿನ ವರ್ಷದ ಮಾರ್ಚ್. ಕೆಳಗೆ ನಮ್ಮ ಸಾಹೇಬರ ಹೆಸರು.

ಆಮೇಲೆ ಅವರು ಎರಡು ವರ್ಷದ ಮಾತು ಎತ್ತಲಿಲ್ಲ. ಫೆಬ್ರವರಿ ಒಂದರಂದು ಅಭ್ಯಾಸಬಲದಿಂದ ನಾನೇ ಫೋನ್ ಮಾಡಿ ಬಜೆಟ್ ನೋಡಿದಿರಾ ಎಂದರೆ, “ಟಿವಿ ಹಾಕಿಲ್ಲಮ್ಮ” ಎನ್ನುತ್ತಿದ್ದರು. ಒಂದು ಸಲ ಮಾತ್ರ ಒತ್ತಾಯ ಮಾಡಿ ಕೇಳಿದೆ, ಯಾಕೆ ಸರ್ ಬಿಟ್ಟುಬಿಟ್ಟಿರಿ ಎಂದು. ಹೇಳಿದರು: “ವರ್ಷಕ್ಕೊಂದು ಬಜೆಟ್ಟಲ್ಲಿ ಆ ಹೊಳೆಗೆ ಸೇತುವೆ ಕಟ್ಟಕಾಗಲ್ಲ ಅಂತ ಅಷ್ಟು ವರ್ಷ ಬಡ್ಕಂಡೆ. ಈಗ ಅಲ್ಲೊಂದು ಸೇತುವೆ ನಿಂತದೆ. ಒಂದೇ ವರ್ಷದಲ್ಲಿ ಆಯ್ತು ಅಂತ ನನ್ನ ರುಜುನೇ ಹೇಳ್ತದೆ. ಇನ್ಯಾವ ಮುಖ ಇಟ್ಕಂಡು ವಾದ ಮಾಡ್ಲಿ? ನಮ್ಮಂಥೋರು ಸುಳ್ಳು ಬರ್ದು ಕೆಲಸ ಸಾಗಿಸ್ತಿರೋವರ್ಗೂ ದಿಲ್ಲಿಯವ್ರು ಯಾಕಮ್ಮ ವರ್ಷ ಬದಲಾಯಿಸ್ತಾರೆ?”

ನಾನೂ ದಣಿದಿದ್ದೆ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರಲ್ಲ ಸರ್ ಎಂದೆ. ಹೌದಮ್ಮ, ಅದು ದೊಡ್ಡದು ಎಂದರು, ನಿಜವಾಗಿ ಹಾಗೇ ಅನಿಸಿದವರಂತೆ.

ಅವರ ಶಿವಗಣಾರಾಧನೆಗೆ ನಾನು ಹೋಗಿದ್ದೆ. ಊಟದ ಪಂಕ್ತಿ ನಡೆಯುತ್ತಿತ್ತು. ಕಾಕ ಮೂಲೆಯಲ್ಲಿ ಒಂದು ಕುರ್ಚಿಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಜಗಲಿಯಲ್ಲಿ ದೇವಕಿ ಕಂಡಳು, ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಚಿಕ್ಕ ಮಗಳು. ಈಗ ಹತ್ತನೆಯ ತರಗತಿಯಂತೆ. ಕರಿಕೆಯಿಂದ ಶನಿವಾರಸಂತೆಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದಿದ್ದರು. ದೇವಕಿಯ ಕೈಯಲ್ಲಿ ಮೆಣಸಿನ ಪೊಟ್ಟಣ. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ನನ್ನ ಕೈಯಲ್ಲಿಟ್ಟಳು. ನನಗೆ ಅಳು ಬಂತು.

“ಪ್ರತಿ ಮಳೆಗಾಲ ಒಂದ್ಸಲ ಬರ್ತಿದ್ರು ಅಕ್ಕ,” ಎಂದಳು. ನನಗೆ ಅದು ಗೊತ್ತಿರಲಿಲ್ಲ. “ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಸರಿಯಾಗಿ. ಕೊಡೆ ಹಿಡ್ಕೊಂಡು ಶಾಲೆ ಕಡೆ ದಡದಲ್ಲಿ ನಿಂತು ಮಕ್ಕಳು ದಾಟುದು ನೋಡುದು. ಬನ್ನಿ ಸಾರ್, ಮನೆಗೆ ಬನ್ನಿ, ಒಂದು ಲೋಟ ಕಾಫಿ ಕುಡ್ದು ಹೋಗಿ ಅಂತ ನಾವು ನಮ್ಮ ಕಡೆಯಿಂದ ಕರಿಯುದು. ಪಾಲದ ತುದಿವರೆಗೆ ಬರುದು, ಆ ಕಲ್ಲು ನೋಡುದು, ತಿರುಗಿ ಹೋಗುದು. ಆ ಕಲ್ಲೇ ಅವ್ರಿಗೆ ಆಗುದಿಲ್ಲ ಅಂತ ನಮಗೆ ಗೊತ್ತಾಯ್ತು. ಸರ್ಕಾರದ ಕಲ್ಲು, ಕೀಳ್ಲಿಕ್ಕೆ ಆಗ್ತದಾ? ಅದಕ್ಕೆ ಹೋದ ತಿಂಗಳು ಬಸ್ಸಿನ ಕಂಡಕ್ಟರ್ ಫೋನ್ ಮಾಡಿ ಸಾರ್ ಬರ್ತಾ ಉಂಟು ಅಂದ ಕೂಡ್ಲೇ, ನಾವೆಲ್ಲ ಸೇರಿ ಕೊಟ್ಟಿಗೆಯಿಂದ ಸೌದೆ ಹೊತ್ತು ತಂದು ಆ ಕಲ್ಲಿನ ಮುಂದೆ ಒಟ್ಟಿದೆವು. ಕಲ್ಲು ಕಾಣುದೇ ಇಲ್ಲ ಹಾಗೆ.”

“ಜುಲೈ ಮಳೆಯಲ್ಲಿ ಸೌದೆನಾ?” ಎಂದೆ. ಇಡೀ ಬೇಸಿಗೆ ಕಡಿದು ಒಣಗಿಸಿದ ಸೌದೆಯನ್ನು ಮಳೆಗಾಲದಲ್ಲಿ ಹೊರಗೆ ಒಟ್ಟುವವರು ಕೊಡಗಿನಲ್ಲಿ ಯಾರಿದ್ದಾರೆ?

“ಅದೇ ನಮ್ಮ ಬುದ್ಧಿ ನೋಡಿ. ಸಾರ್ ಸೌದೆ ನೋಡಿದ್ರು, ನಮ್ಮನ್ನ ನೋಡಿದ್ರು, ನಗಾಡಿದ್ರು. ‘ಒಣಗಿದ ಸೌದೆ ನೆನೀತಾವಲ್ಲ ಕಣವ್ವ, ಒಳಗಿಟ್ಕಳ್ಳಿ’ ಅಂದ್ರು. ಕೊಡೆ ಮಗಳ ಕೈಗೆ ಕೊಟ್ಟು, ಒಂದೆರಡು ಕೊರಡು ಅವ್ರೇ ಎತ್ತಿ ಕೊಟ್ರು.”

“ಆಮೇಲೆ ದಾಟಿದ್ರಾ?”

ದೇವಕಿ ಮಗಳ ಮುಖ ನೋಡಿದಳು. ಮಗಳು ತಲೆ ಅಲ್ಲಾಡಿಸಿದಳು.

“ಇಲ್ಲ ಅಕ್ಕ. ಮುಂದಿನ ವರ್ಷ ನೋಡಣ ಅಂದ್ರು.”